ಬಿಳಿ ಕಿಟಕಿಗೆ ಹಳದಿ ಎಲ್ಲಿಂದ ಬಂತು?

ನವರಾತ್ರಿ ಮುಗಿದು ಮಳೆ ಹಿಂದೆ ಸರಿಯಿತು ಅಂದರೆ ನಮ್ಮ ಕಡೆ ಮನೆ ತೊಳೆಯುವ ಕೆಲಸ ಶುರು. ದೊಡ್ಡ ಹಬ್ಬ, ಅಂದರೆ ದೀಪಾವಳಿ, ಎದುರಿಗೇ ಇರುತ್ತದೆ. ಈ ಸಲ ಕಾರವಾರದ ನಮ್ಮ ಮನೆಯ ಬಾಲ್ಕನಿ ಗೋಡೆಗೆ ಹೊಸದಾಗಿ ಬಿಳಿ ಬಣ್ಣ ಹೊಡೆಸಿದೆವು. ಬಣ್ಣ ಒಣಗಿದ ಮರುದಿನ ನೋಡಿದರೆ ಗೋಡೆ ಬೆಳ್ಳಗೆ, ಕಿಟಕಿಯ ಚೌಕಟ್ಟು ಮಾತ್ರ ಹಳೇ ಪಂಚಾಂಗದ ಹಾಳೆಯ ಬಣ್ಣ. ಅದರ ಹಿಂದಿನ ದಿನದವರೆಗೂ ಅದನ್ನು ನಾವು ಬಿಳಿ ಕಿಟಕಿ ಅಂತಲೇ ಕರೆಯುತ್ತಿದ್ದೆವು.

ಚೌಕಟ್ಟಿನ ಮೂಲೆಯಲ್ಲಿ, ಮಗ ಸಣ್ಣವನಿದ್ದಾಗ ಅಂಟಿಸಿದ ಒಂದು ಗಣಪತಿ ಸ್ಟಿಕರ್ ಇತ್ತು. ಬಣ್ಣವೆಲ್ಲ ಹೋಗಿ ಅದು ಗಣಪತಿಯೋ ಇಲಿಯೋ ಅಂತ ಗೊತ್ತಾಗುತ್ತಿರಲಿಲ್ಲ. ಉಗುರು ಹಾಕಿ ಮೆಲ್ಲಗೆ ಕಿತ್ತೆ. ಕೆಳಗೆ ಅಚ್ಚ ಬಿಳಿ ಗಣಪತಿ! ಸೊಂಡಿಲು, ಕಿವಿ, ಹೊಟ್ಟೆ ಎಲ್ಲ ಗೆರೆ ಎಳೆದ ಹಾಗೆ. ಸುತ್ತಲೂ ಹಳದಿ.

ಅದೇ ವಾರ ಶಿರಸಿಯಿಂದ ಆಯಿ ಫೋನ್ ಮಾಡಿದಳು. "ಅಡುಗೆಮನೆ ಕಿಟಕಿ ಹಳದಿ ಆಜು. ಎಂತ ಮಾಡಿರೂ ಹೋಗ್ತಿಲ್ಲೆ ಕೂಸೆ."

ಎರಡೂ ಒಂದೇ ತರದ ಪ್ಲಾಸ್ಟಿಕ್ ಕಿಟಕಿ. ಎರಡೂ ಹಳದಿ. ಆದರೆ ಎರಡೂ ಒಂದೇ ಹಳದಿ ಅಲ್ಲ. ಒಂದು ಮೇಲೆ ಬಂದು ಕೂತದ್ದು, ಇನ್ನೊಂದು ಪ್ಲಾಸ್ಟಿಕ್‌ನ ಒಳಗೇ ಹುಟ್ಟಿದ್ದು. ಯಾವುದು ಅಂತ ಗೊತ್ತಿಲ್ಲದೆ ತಿಕ್ಕುತ್ತಾ ಕೂತರೆ ಕೈ ನೋವು ಬಿಟ್ಟರೆ ಬೇರೇನೂ ಸಿಗುವುದಿಲ್ಲ.

ಈ ಕಿಟಕಿ ಯಾವುದರಿಂದ ಮಾಡಿದ್ದು?

ಅಂಗಡಿಯವರು ‘ಯುಪಿವಿಸಿ’ ಅನ್ನುತ್ತಾರೆ. ಪಿವಿಸಿ ಅಂದರೆ ಪಾಲಿವಿನೈಲ್ ಕ್ಲೋರೈಡ್. ಕರೆಂಟ್ ವೈರಿನ ಮೇಲಿನ ಹೊದಿಕೆ ಸಾಮಾನ್ಯವಾಗಿ ಇದೇ. ತೋಟಕ್ಕೆ ನೀರು ಬಿಡುವ ಗಟ್ಟಿ ಪೈಪೂ ಇದೇ. ಒಂದು ಮೆತ್ತಗೆ, ಇನ್ನೊಂದು ಗಟ್ಟಿ ಹೇಗೆ? ಹೋಳಿಗೆಯ ಕಣಕಕ್ಕೆ ಎಣ್ಣೆ ಹಾಕಿದಷ್ಟೂ ಅದು ಮೆತ್ತಗಾಗಿ ಎಳೆ ಬರುತ್ತದಲ್ಲ, ಹಾಗೆ ಪಿವಿಸಿಗೂ ಎಣ್ಣೆಯಂಥ ಒಂದು ವಸ್ತು ಸೇರಿಸಿ ಮೆತ್ತಗೆ ಮಾಡುತ್ತಾರೆ. ಅದನ್ನು ಸೇರಿಸದೆ ಗಟ್ಟಿಯಾಗಿ ಬಿಟ್ಟದ್ದು ಯುಪಿವಿಸಿ. ಮೊದಲಿನ ‘ಯು’ ಅಕ್ಷರಕ್ಕೆ ‘ಮೆತ್ತಗೆ ಮಾಡದ’ ಅಂತಲೇ ಅರ್ಥ.

ಪಿವಿಸಿಯ ತೂಕದಲ್ಲಿ ಸುಮಾರು ಶೇ. 57ರಷ್ಟು ಕ್ಲೋರಿನ್. ಅದನ್ನು ತೆಗೆಯುವುದು ಉಪ್ಪಿನಿಂದ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಆಗರದಲ್ಲಿ ರಾಶಿ ಹಾಕಿರುತ್ತಾರಲ್ಲ, ಅಂಥ ಉಪ್ಪಿನಿಂದಲೇ. ಉಳಿದದ್ದು ಇಂಗಾಲ ಮತ್ತು ಹೈಡ್ರೋಜನ್, ಸಾಮಾನ್ಯವಾಗಿ ಪೆಟ್ರೋಲಿಯಂ ಅಥವಾ ನೈಸರ್ಗಿಕ ಅನಿಲದಿಂದ ಬಂದದ್ದು.

ಬರೀ ಪಿವಿಸಿಯಿಂದ ಕಿಟಕಿ ಆಗುವುದಿಲ್ಲ. ಬಿಳಿ ಬಣ್ಣಕ್ಕೆ ಟೈಟೇನಿಯಂ ಡೈಆಕ್ಸೈಡ್ ಎಂಬ ಪುಡಿ ಬೇಕು. ಗೋಡೆಯ ಬಿಳಿ ಬಣ್ಣದಲ್ಲಿರುವುದೂ ಇದೇ. ಇದು ಬಣ್ಣ ಕೊಡುವುದಷ್ಟೇ ಅಲ್ಲ, ಬಿಸಿಲಿಗೆ ಕೊಡೆಯ ಹಾಗೂ ಕೆಲಸ ಮಾಡುತ್ತದೆ. ಗಾತ್ರ ತುಂಬಲು ಸ್ವಲ್ಪ ಸುಣ್ಣದ ಕಲ್ಲಿನ ಪುಡಿ, ಪೆಟ್ಟು ತಿಂದರೂ ಒಡೆಯದಂತೆ ಒಂದು ರಬ್ಬರ್‌ತರದ ವಸ್ತು, ಪ್ಲಾಸ್ಟಿಕ್ ಬೇಗ ಕೆಡದಂತೆ ಕಾಯುವ ‘ಸ್ಟೆಬಿಲೈಸರ್’. ಈ ಕೊನೆಯ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1950ರ ದಶಕದಲ್ಲಿ ಜರ್ಮನಿಯಲ್ಲಿ ಶುರುವಾದ ಈ ಕಿಟಕಿಗಳನ್ನು ನಮ್ಮ ಕರಾವಳಿಯವರು ಇಷ್ಟಪಟ್ಟದ್ದರಲ್ಲಿ ಆಶ್ಚರ್ಯವೇನಿಲ್ಲ. ಕಬ್ಬಿಣ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ಮರ ಆಷಾಢದಲ್ಲಿ ಉಬ್ಬಿ ಬಾಗಿಲು ಹಾಕಲು ಬರುವುದಿಲ್ಲ, ಇಲ್ಲವೇ ಒರಲೆ ಹಿಡಿಯುತ್ತದೆ. ಪ್ಲಾಸ್ಟಿಕ್‌ಗೆ ಇದ್ಯಾವುದೂ ಇಲ್ಲ. ಅದಕ್ಕಿರುವ ಶತ್ರು ಬೇರೆ.

ಮೇಲಿನದಾ, ಒಳಗಿನದಾ?

ಕಂಡುಹಿಡಿಯಲು ಹತ್ತು ನಿಮಿಷ ಸಾಕು. ಒಂದು ಬಿಳಿ ಹತ್ತಿ ಬಟ್ಟೆ, ಬಿಸಿನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಇಟ್ಟುಕೊಳ್ಳಿ.

ಒದ್ದೆ ಬಟ್ಟೆಯನ್ನು ಹಳದಿ ಜಾಗದ ಮೇಲೆ ಐದು ನಿಮಿಷ ಸುಮ್ನೆ ಒತ್ತಿಡಿ. ಆಮೇಲೆ ಒಂದೇ ದಿಕ್ಕಿಗೆ ಒರೆಸಿ. ಬಟ್ಟೆಗೆ ಚಹಾದ ಬಣ್ಣ ಹತ್ತಿ, ಒರೆಸಿದ ಜಾಗ ಬೆಳ್ಳಗಾದರೆ ಅದು ಮೇಲಿನ ಹಳದಿ. ಬಟ್ಟೆಗೆ ಬರೀ ಮಾಮೂಲಿ ಧೂಳು ಬಂದು, ಚೌಕಟ್ಟು ಹಾಗೇ ಹಳದಿಯಾಗಿದ್ದರೆ ಒಳಗಿನದು.

ಇನ್ನೂ ಅನುಮಾನ ಇದ್ದರೆ ಕಿಟಕಿಯನ್ನು ಪೂರ್ತಿ ಸರಿಸಿ, ಮುಚ್ಚಿದಾಗ ಒಂದರ ಹಿಂದೆ ಒಂದು ಅಡಗುವ ಪಟ್ಟಿ ನೋಡಿ. ಬಿಸಿಲು ಬೀಳದ ಆ ಪಟ್ಟಿ ಬಿಳಿ, ಹೊರಗೆ ಕಾಣುವ ಪಟ್ಟಿ ಹಳದಿ, ನಡುವೆ ಸ್ಕೇಲ್ ಇಟ್ಟು ಎಳೆದಂಥ ಗೆರೆ ಇದ್ದರೆ ಬಿಸಿಲಿನ ಕೆಲಸ. ನಮ್ಮ ಗಣಪತಿ ಮಾಡಿ ತೋರಿಸಿದ್ದೂ ಇದನ್ನೇ. ಅಡುಗೆಮನೆಯ ಜಿಡ್ಡಿಗೆ ಇಂಥ ಚೊಕ್ಕ ಗೆರೆ ಇರುವುದಿಲ್ಲ. ಅದು ಮೂಲೆಯಲ್ಲಿ ದಪ್ಪ, ನಡುವೆ ತೆಳು, ಮುಟ್ಟಿದರೆ ಅಂಟು.

ಕೆಲವು ಕಡೆ ಎರಡೂ ಇರುತ್ತವೆ. ಆಗ ಮೊದಲು ಮೇಲಿನದನ್ನು ತೆಗೆಯಿರಿ. ಉಳಿದದ್ದು ಎಷ್ಟು ಅಂತ ಆಮೇಲೆ ನೋಡಿದರಾಯಿತು.

ಪ್ಲಾಸ್ಟಿಕ್‌ನ ಒಳಗೆ ಏನಾಗುತ್ತದೆ?

ಪಿವಿಸಿ ಅಂದರೆ ಉದ್ದುದ್ದ ಸರಪಳಿಗಳ ಕಟ್ಟು. ಇಂಗಾಲದ ಪರಮಾಣುಗಳು ಒಂದಕ್ಕೊಂದು ಕೈ ಹಿಡಿದು ಸಾಲಾಗಿ ನಿಂತಿವೆ ಅಂದುಕೊಳ್ಳಿ. ಒಂದು ಬಿಟ್ಟು ಒಂದು ಇಂಗಾಲದ ಹೆಗಲ ಮೇಲೆ ಒಂದು ಕ್ಲೋರಿನ್ ಕೂತಿದೆ. ಉಳಿದ ಜಾಗದಲ್ಲೆಲ್ಲ ಹೈಡ್ರೋಜನ್.

ಬಿಸಿಲಿನಲ್ಲಿ ನಮ್ಮ ಕಣ್ಣಿಗೆ ಕಾಣದ ಒಂದು ಭಾಗ ಇದೆ, ಅಲ್ಟ್ರಾವಯೊಲೆಟ್ ಅಥವಾ ಅತಿನೇರಳೆ ಕಿರಣ. ಗದ್ದೆಯಲ್ಲಿ ದಿನವಿಡೀ ನಿಂತರೆ ಚರ್ಮ ಕಪ್ಪಾಗುವುದು ಮುಖ್ಯವಾಗಿ ಇದರಿಂದಲೇ. ಈ ಕಿರಣ ಬಡಿದಾಗ ಸರಪಳಿಯ ಯಾವುದೋ ದುರ್ಬಲ ಜಾಗದಲ್ಲಿ ಒಂದು ಕ್ಲೋರಿನ್ ಕಳಚಿಕೊಳ್ಳುತ್ತದೆ. ಹೋಗುವಾಗ ಪಕ್ಕದ ಹೈಡ್ರೋಜನ್ನನ್ನೂ ಕರೆದುಕೊಂಡು ಹೋಗುತ್ತದೆ. ಇಬ್ಬರೂ ಸೇರಿ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲವಾಗುತ್ತಾರೆ. ಹಿಂದೆ ಉಳಿದ ಎರಡು ಇಂಗಾಲಗಳ ಕೈ ಈಗ ಖಾಲಿ. ಅವು ಒಂದನ್ನೊಂದು ಎರಡೂ ಕೈಯಿಂದ ಹಿಡಿದುಕೊಳ್ಳುತ್ತವೆ. ಇದಕ್ಕೆ ಜೋಡಿ ಬಂಧ ಅನ್ನುತ್ತಾರೆ.

ಇಲ್ಲಿಗೆ ನಿಂತಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಒಂದು ಜೋಡಿ ಬಂಧ ಆದ ತಕ್ಷಣ ಅದರ ಪಕ್ಕದ ಕ್ಲೋರಿನ್‌ನ ಹಿಡಿತವೂ ಸಡಿಲವಾಗುತ್ತದೆ. ಜೊತೆಗೆ, ಹೊರಬಿದ್ದ ಆಮ್ಲವೇ ಮುಂದಿನ ಕಳಚುವಿಕೆಗೆ ಕುಮ್ಮಕ್ಕು ಕೊಡುತ್ತದೆ. ಅಕ್ಕಿ ಚೀಲದ ಬಾಯಿ ಹೊಲಿದಿರುತ್ತಾರಲ್ಲ, ಸರಿಯಾದ ತುದಿ ಸಿಕ್ಕಿ ಒಂದು ಎಳೆ ಎಳೆದರೆ ಸರ್ರನೆ ಇಡೀ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಪಿವಿಸಿಯಲ್ಲೂ ಅದೇ ಕಥೆ, ವರ್ಷಗಟ್ಟಲೆ ನಿಧಾನವಾಗಿ.

ಹಾಗಾದರೆ ಬಣ್ಣ ಎಲ್ಲಿಂದ? ಸಾಲಾಗಿ ಏಳೆಂಟು ಜೋಡಿ ಬಂಧಗಳು, ಒಂದು ಬಿಟ್ಟು ಒಂದರಂತೆ, ಸೇರಿದವು ಅಂದರೆ ಆ ತುಂಡು ಬೆಳಕಿನಲ್ಲಿರುವ ನೀಲಿಯನ್ನು ನುಂಗತೊಡಗುತ್ತದೆ. ಬಿಳಿ ಬೆಳಕಿನಿಂದ ನೀಲಿ ತೆಗೆದರೆ ಉಳಿಯುವುದು ಹಳದಿ. ಇದು ಹೊಸ ವಿಷಯ ಅಲ್ಲ, ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಹಳದಿ ತಿರುಗಿದ ಪಂಚೆಗೆ ನೀಲಿ ಅದ್ದುತ್ತಿದ್ದರಲ್ಲ, ಅದು ಕಳೆದುಹೋದ ನೀಲಿಯನ್ನು ವಾಪಸ್ ಹಾಕುವ ಉಪಾಯ. ಪ್ಲಾಸ್ಟಿಕ್ ತಯಾರಿಸುವವರೂ ಬಿಳಿ ಇನ್ನಷ್ಟು ಬೆಳ್ಳಗೆ ಕಾಣಲಿ ಅಂತ ಒಂದು ಚಿಟಿಕೆ ನೀಲಿ ಬೆರೆಸುವುದುಂಟು.

ಕ್ಯಾರೆಟ್‌ಗೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್‌ನಲ್ಲಿ ಹೀಗೆ ಸಾಲಾಗಿ 11 ಜೋಡಿ ಬಂಧಗಳಿವೆ. ಅರಿಶಿನದ ಹಳದಿಗೂ ಇಂಥದ್ದೇ ಸಾಲು ಕಾರಣ. ಅಂದರೆ ನಮ್ಮ ಕಿಟಕಿ, ಕ್ಯಾರೆಟ್, ಅರಿಶಿನ ಮೂರೂ ಬಣ್ಣದ ಲೆಕ್ಕದಲ್ಲಿ ದಾಯಾದಿಗಳು! ಈ ಸಂಬಂಧ ಮುಂದೆ ಉಪಯೋಗಕ್ಕೆ ಬರುತ್ತದೆ.

ಈಗ ಸ್ಟೆಬಿಲೈಸರ್ ಸಂಗತಿ. ಹೊಟ್ಟೆ ಉರಿದಾಗ ಕುಡಿಯುವ ಔಷಧಿ ಆಮ್ಲವನ್ನು ತಣ್ಣಗೆ ಮಾಡುವ ಹಾಗೆ, ಇದು ಪ್ಲಾಸ್ಟಿಕ್‌ನೊಳಗೆ ಹುಟ್ಟಿದ ಆಮ್ಲವನ್ನು ಹಿಡಿದು ಸುಮ್ಮನಾಗಿಸುತ್ತದೆ. ಆದರೆ ಬಾಟಲಿಯಲ್ಲಿ ಇರುವಷ್ಟೇ ಔಷಧಿ. ವರ್ಷ ಕಳೆದ ಹಾಗೆ ಖರ್ಚಾಗುತ್ತದೆ. ಮೇಲ್ಪದರದಲ್ಲಿ ಅದು ಕಡಿಮೆಯಾಗುತ್ತಾ ಬಂದ ಹಾಗೆ ಹಳದಿ ಬೇಗ ಬೇಗ ಏರುತ್ತದೆ. ಒಳ್ಳೆಯ ಮಾಲು ಮತ್ತು ಕಳಪೆ ಮಾಲಿನ ವ್ಯತ್ಯಾಸ ಬಹಳಷ್ಟು ಇರುವುದು ಇಲ್ಲೇ. ಬಿಸಿಲು ಜಾಸ್ತಿ ಇರುವ ದೇಶಗಳಿಗೆ ಮಾಡುವ ಪ್ರೊಫೈಲಿಗೆ, ಅಂದರೆ ಚೌಕಟ್ಟಿನ ಪಟ್ಟಿಗೆ, ಯುರೋಪಿನದಕ್ಕಿಂತ ಜಾಸ್ತಿ ಟೈಟೇನಿಯಂ ಡೈಆಕ್ಸೈಡ್ ಹಾಕಬೇಕಾಗುತ್ತದೆ. ಅದು ದುಬಾರಿ. ಅದನ್ನು ಕಡಿಮೆ ಮಾಡಿ ಸುಣ್ಣದ ಕಲ್ಲಿನ ಪುಡಿ ಜಾಸ್ತಿ ಮಾಡಿದರೆ ಹೊಸದಾಗಿ ತಂದ ದಿನ ಯಾರಿಗೂ ಗೊತ್ತಾಗುವುದಿಲ್ಲ.

ಸಮಾಧಾನದ ವಿಷಯ ಏನೆಂದರೆ, ಇದೆಲ್ಲ ಮೇಲಿನ ತೀರಾ ತೆಳು ಪದರದಲ್ಲಿ ನಡೆಯುವ ವ್ಯವಹಾರ. ಅದರ ಕೆಳಗೆ ಪ್ಲಾಸ್ಟಿಕ್ ಬಿಳಿಯಾಗಿಯೇ ಇರುತ್ತದೆ. ಬಿರುಕು ಇಲ್ಲದಿದ್ದರೆ ಹಳದಿ ಬಂತು ಅಂತ ಕಿಟಕಿ ಬಿದ್ದುಹೋಗುವುದಿಲ್ಲ.

ಒಂದು ತಮಾಷೆ ಹೇಳಲೇಬೇಕು. 1872ರಲ್ಲಿ ಯೂಜೆನ್ ಬೌಮಾನ್ ಎಂಬ ಜರ್ಮನ್ ರಸಾಯನ ವಿಜ್ಞಾನಿ ವಿನೈಲ್ ಕ್ಲೋರೈಡ್ ಅನಿಲವನ್ನು ಗಾಜಿನ ಪಾತ್ರೆಯಲ್ಲಿ ಬಿಸಿಲಿಗೆ ಇಟ್ಟಿದ್ದರು. ಒಳಗೆ ಬಿಳಿ ಗಟ್ಟಿ ವಸ್ತು ಕಟ್ಟಿಕೊಂಡಿತು. ಅದೇ ಪಿವಿಸಿ. ಬಿಸಿಲಲ್ಲಿ ಹುಟ್ಟಿದ ವಸ್ತುವಿಗೆ ವಯಸ್ಸಾಗುವುದೂ ಬಿಸಿಲಲ್ಲೇ.

ಉಪ್ಪುಗಾಳಿ ಕಾರಣವಾ?

ಕಾರವಾರದಲ್ಲಿ ಯಾರನ್ನು ಕೇಳಿದರೂ ಹೇಳುವ ಮೊದಲ ಮಾತು ಇದು. ಫ್ರಿಜ್ ಹಾಳಾದರೆ ಉಪ್ಪುಗಾಳಿ, ಬೈಕ್ ಹಾಳಾದರೆ ಉಪ್ಪುಗಾಳಿ. ಹೀಗಾಗಿ ಕಿಟಕಿಗೂ ಅದೇ ಇರಬೇಕು ಅಂತ ಲೆಕ್ಕ. ಆದರೆ ಹಳದಿ ವಿಷಯದಲ್ಲಿ ಉಪ್ಪು ನಿರಪರಾಧಿ. ಉಪ್ಪು ಲೋಹಕ್ಕೆ ತುಕ್ಕು ಹಿಡಿಸುತ್ತದೆ, ಪಿವಿಸಿಗೆ ಅದು ತಾಗುವುದಿಲ್ಲ. ಸಮುದ್ರದ ಕಡೆಯ ಕಿಟಕಿ ಜಾಸ್ತಿ ಹಳದಿಯಾಗುವುದು ನಿಜ. ಆದರೆ ನಮಗೆ ಸಮುದ್ರ ಇರುವುದೇ ಪಶ್ಚಿಮಕ್ಕೆ. ಮಧ್ಯಾಹ್ನದ ಮೇಲಿನ ಕಾವು ಹೆಚ್ಚಿರುವ ಬಿಸಿಲು, ನಡುವೆ ಒಂದು ಮರದ ಅಡ್ಡವೂ ಇಲ್ಲದೆ, ನೇರ ಆ ಕಿಟಕಿಗೆ ಬೀಳುತ್ತದೆ. ಬಿಸಿಲಿನ ತಪ್ಪನ್ನು ಪಕ್ಕದಲ್ಲಿದ್ದ ಗಾಳಿಯ ತಲೆಗೆ ಕಟ್ಟಿದ್ದೇವೆ ಅಷ್ಟೇ.

ಉಪ್ಪು ಕೆಲಸ ಮಾಡುವುದು ಬೇರೆ ಕಡೆ. ಸ್ಕ್ರೂ, ಚಿಲಕ, ಚಕ್ರ, ಕಿಟಕಿಯ ಹೊರಗಿನ ಕಬ್ಬಿಣದ ಗ್ರಿಲ್. ಅವುಗಳ ತುಕ್ಕು ಮಳೆನೀರಲ್ಲಿ ಇಳಿದು ಬಿಳಿ ಚೌಕಟ್ಟಿನ ಮೇಲೆ ಕಂದು ಗೆರೆ ಎಳೆಯುತ್ತದೆ. ಅದು ಮೇಲಿನ ಕಲೆ, ಹೋಗುತ್ತದೆ.

ಮೇಲೆ ಕೂತ ಹಳದಿ ತೆಗೆಯುವುದು

ಆಯಿಯ ಕಿಟಕಿ ಈ ಜಾತಿಯದು. ಹೋಗಿ ನೋಡಿದೆ. ಗ್ಯಾಸ್ ಬಂದು ಎಷ್ಟೋ ವರ್ಷವಾದರೂ ಅಡಿಗೆ ಒಲೆ ಇನ್ನೂ ಉರಿಯುತ್ತದೆ. ಪಕ್ಕದಲ್ಲೇ ಬಚ್ಚಲು, ಅಲ್ಲಿ ಹಂಡೆಯ ಒಲೆ. ಹೊಗೆ, ಇಲ್ಲಣ, ಒಗ್ಗರಣೆಯ ಎಣ್ಣೆ ಎಲ್ಲ ಸೇರಿ ಚೌಕಟ್ಟಿನ ಮೇಲೆ ಒಂದು ವಾರ್ನಿಷ್ ಕಟ್ಟಿತ್ತು. ಬಾಣಲೆಯ ಹೊರಮೈಯಲ್ಲಿ ಹಳದಿ ಅಂಟು ಕಟ್ಟುತ್ತದಲ್ಲ, ಅದೇ. ಎಣ್ಣೆಯ ಸಣ್ಣ ಹನಿಗಳು ಗಾಳಿ ತಾಗಿ, ಬಿಸಿ ತಾಗಿ ಗಟ್ಟಿಯಾದ ಪದರ ಅದು.

ಆಯಿ ತಣ್ಣೀರು, ಬಟ್ಟೆ ಸೋಪಿನ ಪುಡಿ, ತೆಂಗಿನ ನಾರು ಹಿಡಿದು ತಿಕ್ಕಿದ್ದಳು. ಹತ್ತಿರ ಕಣ್ಣಿಟ್ಟು ನೋಡಿದರೆ ಚೌಕಟ್ಟಿನ ತುಂಬ ಕೂದಲೆಳೆಯಂಥ ಗೀರು. ಗೀರಿನೊಳಗೆ ಮತ್ತೆ ಕಪ್ಪು ಸೇರಿತ್ತು. ಅಂದರೆ ತಿಕ್ಕಿದಷ್ಟೂ ಕೊಳೆಗೆ ಹೊಸ ಮನೆ ಕಟ್ಟಿಕೊಟ್ಟ ಹಾಗಾಯಿತು.

ಇಲ್ಲಿ ಬೇಕಾದದ್ದು ಬಲ ಅಲ್ಲ, ಬಿಸಿ ಮತ್ತು ಸಮಯ. ಮೊದಲು ಒಣ ಬ್ರಶ್‌ನಿಂದ ಧೂಳು ತೆಗೆಯಿರಿ. ಧೂಳಿನ ಸಮೇತ ಒರೆಸಿದರೆ ಅದೇ ಮರಳಿನ ಹಾಗೆ ಗೀರುತ್ತದೆ. ಆಮೇಲೆ ಕೈ ತಡೆಯುವಷ್ಟು ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಬಟ್ಟೆ ಅದ್ದಿ, ಚೌಕಟ್ಟಿಗೆ ಹೊದೆಸಿ ಹತ್ತು ನಿಮಿಷ ಬಿಡಿ. ಜಿಡ್ಡು ಮೆತ್ತಗಾಗುತ್ತದೆ. ಹಠ ಹಿಡಿದ ಜಾಗಕ್ಕೆ ಅಡುಗೆ ಸೋಡಾವನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ ಹಚ್ಚಿ, ಮೆತ್ತನೆಯ ಬಟ್ಟೆಯಲ್ಲಿ ತಿರುಗಿಸಿ ತಿರುಗಿಸಿ ಒರೆಸಿ. ಸೋಡಾದ ಹರಳು ಮೆದು, ಪ್ಲಾಸ್ಟಿಕ್‌ಗೆ ತೀರಾ ಗೀರು ಬೀಳುವುದಿಲ್ಲ. ಮೂಲೆಗೆ ಹಳೇ ಹಲ್ಲುಜ್ಜುವ ಬ್ರಶ್. ಕೊನೆಗೆ ಎರಡು ಸಲ ಸಾದಾ ನೀರಲ್ಲಿ ಒರೆಸಿ ಒಣಗಿಸಿ. ಸೋಡಾ ಉಳಿದರೆ ಬಿಳಿ ಪುಡಿ ಕಟ್ಟುತ್ತದೆ.

ಆಯಿಯ ಕಿಟಕಿ ಮೂರು ಬಕೆಟ್ ನೀರಿಗೆ ಬಿಳಿಯಾಯಿತು. ಮೊದಲ ಬಕೆಟ್ಟಿನ ನೀರು ಕಷಾಯದ ಬಣ್ಣ.

ಉಳಿದ ಕಲೆಗಳು ಇನ್ನೂ ಸುಲಭ. ತುಕ್ಕಿನ ಗೆರೆಗೆ ಹುಳಿ ಬೇಕು. ನಿಂಬೆರಸ ಅಥವಾ ನಿಂಬೆ ಉಪ್ಪಿನ ನೀರನ್ನು ಹತ್ತಿಯಲ್ಲಿ ಅದ್ದಿ ಹದಿನೈದು ನಿಮಿಷ ಅಂಟಿಸಿಡಿ. ಹುಳಿ ಕಬ್ಬಿಣವನ್ನು ಕರಗಿಸಿ ನೀರಿಗೆ ತರುತ್ತದೆ. ಬಿಂಬುಳಿ ಕಾಯಿಯ ರಸವೂ ನಡೆಯುತ್ತದೆ, ಅದರಲ್ಲಿರುವ ಆಕ್ಸಾಲಿಕ್ ಆಮ್ಲ ತುಕ್ಕಿನ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಚಿರೇಕಲ್ಲಿನ ಕೆಂಪು ಧೂಳಿಗೆ ಬಣ್ಣ ಕೊಡುವುದೂ ಕಬ್ಬಿಣವೇ, ಆದರೆ ಅದು ಬರೀ ಸೋಪು ನೀರಿಗೇ ಹೋಗುತ್ತದೆ. ಬಾವಿ ನೀರು ಒಣಗಿ ಬಿಳಿ ಗೆರೆ ಕಟ್ಟಿದ್ದರೆ ವಿನೆಗರ್. ಮಳೆಗಾಲದಲ್ಲಿ ಹಾವಸೆ, ಬೂಷ್ಟು ಹಿಡಿದದ್ದಕ್ಕೆ ಸೋಪು ನೀರು, ಬ್ರಶ್, ಆಮೇಲೆ ಚೆನ್ನಾಗಿ ಒಣಗಿಸುವುದು.

ಇನ್ನೊಂದು ಹಳದಿ ಇದೆ, ಅದನ್ನು ನಾವೇ ತಂದುಕೊಂಡದ್ದು. ಕಿಟಕಿ ಕೂರಿಸಿದಾಗ ಅದರ ಮೇಲೆ ಕಂಪನಿಯ ಹೆಸರಿನ ತೆಳು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಕೆಲಸ ಮುಗಿದ ಮೇಲೆ ಕಿತ್ತು ಹಾಕಬೇಕು. ಹೊಸ ಕಾರಿನ ಸೀಟಿನ ಕವರ್ ಕೀಳದೆ ಇಡುತ್ತೇವಲ್ಲ, ಅದೇ ಬುದ್ಧಿ ಇಲ್ಲೂ. ಒಂದೆರಡು ಬೇಸಿಗೆ ಕಳೆದರೆ ಹಾಳೆ ಪುಡಿಪುಡಿಯಾಗಿ ಬರುತ್ತದೆ, ಅಂಟು ಮಾತ್ರ ಸುಟ್ಟ ಬೆಲ್ಲದ ಹಾಗೆ ಉಳಿಯುತ್ತದೆ. ಬಿಸಿನೀರಿನ ಬಟ್ಟೆ ಒತ್ತಿ ಮೆತ್ತಗೆ ಮಾಡಿ, ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಎತ್ತಿ. ಉಳಿದ ಅಂಟಿಗೆ ಎರಡು ಹನಿ ತೆಂಗಿನೆಣ್ಣೆ ತಿಕ್ಕಿ, ಸೋಪಿನಿಂದ ಎಣ್ಣೆ ತೊಳೆಯಿರಿ. ಕಪ್ಪು ರಬ್ಬರ್ ಬೀಡಿಂಗಿಗೆ ಎಣ್ಣೆ ತಾಗದ ಹಾಗೆ ನೋಡಿಕೊಳ್ಳಿ, ಅದು ಉಬ್ಬುತ್ತದೆ.

ಒಳಗೆ ಹುಟ್ಟಿದ ಹಳದಿಗೆ ಮದ್ದು ಇದೆಯಾ?

ಇದೆ. ಅರ್ಧ ಮದ್ದು.

ಹೊಸ ಅಂಗಿಗೆ ಸಾರು ಚೆಲ್ಲಿ ಅರಿಶಿನದ ಕಲೆಯಾದರೆ ಏನು ಮಾಡುತ್ತೀರಿ? ತೊಳೆದು ಬಿಸಿಲಿಗೆ ಹಾಕುತ್ತೀರಿ. ಸಂಜೆಗೆ ಕಲೆ ಮಾಸಿರುತ್ತದೆ. ಅರಿಶಿನ ಎಲ್ಲೂ ಹೋಗಿಲ್ಲ. ಬೆಳಕು ಮತ್ತು ಗಾಳಿಯ ಆಮ್ಲಜನಕ ಸೇರಿ ಅದರ ಉದ್ದನೆಯ ಜೋಡಿ ಬಂಧದ ಸಾಲನ್ನು ಕತ್ತರಿಸಿವೆ. ಸಾಲು ತುಂಡಾದರೆ ನೀಲಿ ನುಂಗುವ ಶಕ್ತಿ ಹೋಯಿತು, ಹಳದಿಯೂ ಹೋಯಿತು. ಕಿಟಕಿಯ ಹಳದಿಯೂ ಅಂಥದ್ದೇ ಸಾಲು ಅಂದಮೇಲೆ ಅದನ್ನೂ ಕತ್ತರಿಸಬಹುದಲ್ಲವಾ?

ಬಿಸಿಲಿನಲ್ಲಿ ಈ ಕತ್ತರಿಸುವ ಕೆಲಸವೂ ತನ್ನಷ್ಟಕ್ಕೆ ನಡೆಯುತ್ತಿರುತ್ತದೆ. ಅದಕ್ಕೇ ತೀರಾ ಬಯಲಿಗೆ ಬಿದ್ದ ಹಳೇ ಚೌಕಟ್ಟುಗಳು ಕೆಲವು ಸಲ ಹಳದಿ ಇರುವುದಿಲ್ಲ, ಸುಣ್ಣ ಬಳಿದ ಹಾಗೆ ಮಂಕು ಬಿಳಿಯಾಗಿ, ಮುಟ್ಟಿದರೆ ಬೆರಳಿಗೆ ಪುಡಿ ಹತ್ತುತ್ತದೆ. ಹಳದಿ ಮಾಡುವವನೂ ಬಿಸಿಲೇ, ಅಳಿಸುವವನೂ ಬಿಸಿಲೇ. ಯಾರ ಕೈ ಮೇಲಾಗುತ್ತದೆ ಅನ್ನುವುದು ಮಾಲಿನ ಮೇಲೆ, ಜಾಗದ ಮೇಲೆ ಹೋಗುತ್ತದೆ.

ಕತ್ತರಿಗೆ ಹರಿತ ಕೊಡುವುದು ಹೈಡ್ರೋಜನ್ ಪೆರಾಕ್ಸೈಡ್. ಗಾಯಕ್ಕೆ ಹಾಕಿದರೆ ಬುರುಬುರು ನೊರೆ ಬರುತ್ತದಲ್ಲ, ಅದೇ. 2008ರ ಸುಮಾರಿಗೆ ಹಳೇ ಕಂಪ್ಯೂಟರ್ ಸಂಗ್ರಹಿಸುವ ಹವ್ಯಾಸಿಗಳು ಹಳದಿಯಾದ ಕೀಬೋರ್ಡಿಗೆ ಇದನ್ನು ಹಚ್ಚಿ ಬಿಸಿಲಿಗೆ ಇಟ್ಟು ಬಿಳಿ ಮಾಡುವ ಕ್ರಮ ಕಂಡುಕೊಂಡರು. ‘ರೆಟ್ರೊಬ್ರೈಟ್’ ಅಂತ ಹೆಸರಿಟ್ಟರು. ಅದು ಎಬಿಎಸ್ ಎಂಬ ಬೇರೆ ಪ್ಲಾಸ್ಟಿಕ್, ಅಲ್ಲಿ ಹಳದಿಯ ಹುಟ್ಟೂ ಸ್ವಲ್ಪ ಬೇರೆ. ಹಾಗಾಗಿ ಕಂಪ್ಯೂಟರಿಗೆ ಬಂದಷ್ಟು ಫಲಿತಾಂಶ ಕಿಟಕಿಗೂ ಬಂದೇ ಬರುತ್ತದೆ ಅಂತ ನಂಬಿ ಕೂರಬೇಡಿ.

ನಾನು ಮಾಡಿದ್ದು ಹೇಳುತ್ತೇನೆ. ಮೆಡಿಕಲ್ ಅಂಗಡಿಗೆ ಹೋಗಿ ಶೇ. 6ರ ಪೆರಾಕ್ಸೈಡ್ ಆರು ಬಾಟಲಿ ಕೇಳಿದೆ. ಅಂಗಡಿಯ ಹುಡುಗ ನನ್ನ ಕೈಕಾಲು ನೋಡಿ, "ಅಕ್ಕಾ, ಎಷ್ಟು ದೊಡ್ಡ ಗಾಯ?" ಅಂದ. ಕಿಟಕಿಗೆ ಅಂದೆ. ಅವನಿಗೆ ಇನ್ನೂ ಗಾಬರಿಯಾಯಿತು.

ತಂದು ಹಚ್ಚಿದರೆ ನಿಲ್ಲಬೇಕಲ್ಲ! ನೆಟ್ಟಗೆ ನಿಂತ ಚೌಕಟ್ಟಿನಿಂದ ನೀರಿನ ಹಾಗೆ ಇಳಿದು ಹೋಯಿತು. ಆಮೇಲೆ ಪಾರ್ಲರ್ ಸಾಮಾನಿನ ಅಂಗಡಿಯಲ್ಲಿ ಕೂದಲಿಗೆ ಬಣ್ಣ ಹಾಕುವಾಗ ಬೆರೆಸುವ ಕ್ರೀಮ್ ಡೆವಲಪರ್ ಸಿಕ್ಕಿತು. ಅದರ ಮೇಲೆ ‘20 ವಾಲ್ಯೂಮ್’ ಅಂತ ಇದ್ದರೆ ಶೇ. 6ರ ಪೆರಾಕ್ಸೈಡ್, ‘40 ವಾಲ್ಯೂಮ್’ ಅಂದರೆ ಶೇ. 12. ಮನೆಯಲ್ಲಿ ಮಾಡುವವರಿಗೆ 20 ಸಾಕು. ಇದು ಮೊಸರಿನಷ್ಟು ಗಟ್ಟಿ, ಹಚ್ಚಿದಲ್ಲಿ ನಿಲ್ಲುತ್ತದೆ.

ಮೊದಲು ಚೌಕಟ್ಟನ್ನು ಸೋಪಿನಿಂದ ತೊಳೆದು ಒಣಗಿಸಿದೆ. ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ. ಚಿಲಕ, ಸ್ಕ್ರೂಗಳಿಗೆ ಟೇಪ್ ಸುತ್ತಿದೆ. ಬ್ರಶ್‌ನಿಂದ ಎಲ್ಲ ಕಡೆ ಒಂದೇ ದಪ್ಪಕ್ಕೆ ಕ್ರೀಮ್ ಬಳಿದು, ಅದರ ಮೇಲೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿದೆ, ಒಣಗದಿರಲಿ ಅಂತ. ನಮ್ಮದು ಪಶ್ಚಿಮದ ಕಿಟಕಿ, ಹಾಗಾಗಿ ಒಂದು ಗಂಟೆಯಿಂದ ನಾಲ್ಕು ಗಂಟೆ. ಅರ್ಧ ಗಂಟೆಗೊಮ್ಮೆ ಎತ್ತಿ ನೋಡಿ, ಒಣಗಿದ್ದರೆ ಮತ್ತೆ ಹಚ್ಚುವುದು. ಸಂಜೆ ತೊಳೆದುಬಿಡುವುದು.

ಮೊದಲ ದಿನ ಏನೂ ಆಗಿಲ್ಲ ಅನಿಸಿತು. ಮೂರನೇ ಮಧ್ಯಾಹ್ನದ ಹೊತ್ತಿಗೆ ಪಂಚಾಂಗದ ಬಣ್ಣ ಹೋಗಿ ಮಜ್ಜಿಗೆಯ ಬಣ್ಣ ಬಂದಿತ್ತು. ಹಾಳೆಯ ಕೆಳಗೆ ಗಾಳಿಗುಳ್ಳೆ ಉಳಿದಿದ್ದ ಒಂದು ಜಾಗ ಮಾತ್ರ ಅಂಗೈ ಅಗಲಕ್ಕೆ ಮಚ್ಚೆ ಬಿತ್ತು. ಗಣಪತಿ ಈಗಲೂ ಇದ್ದಾನೆ, ಓರೆ ಬೆಳಕಿನಲ್ಲಿ ನೋಡಿದರೆ ಕಾಣುತ್ತಾನೆ. ಅಂದರೆ ಹೊಸ ಕಿಟಕಿಯ ಬಿಳಿ ಬರಲಿಲ್ಲ. ಮೊದಲು ಒಂದು ಬೆರಳಗಲ ಮೂಲೆಯಲ್ಲಿ ಪರೀಕ್ಷೆ ಮಾಡಿ, ಇಷ್ಟವಾದರೆ ಮಾತ್ರ ಮುಂದುವರಿಯಿರಿ.

ಇದು ಶಾಶ್ವತವೂ ಅಲ್ಲ. ಖಾಲಿಯಾದ ಸ್ಟೆಬಿಲೈಸರ್ ವಾಪಸ್ ಬರಲಿಲ್ಲ, ಬಿಸಿಲು ನಿಂತಿಲ್ಲ. ಹಳದಿ ಮತ್ತೆ ಬರುತ್ತದೆ. ಇನ್ನು ಮನೆಯ ಒಳಮುಖದ ಹಳದಿಗೆ ಈ ಉಪಾಯ ಇನ್ನೂ ನಿಧಾನ, ಯಾಕೆಂದರೆ ಗಾಜು ಅತಿನೇರಳೆ ಕಿರಣದ ಒಂದು ಪಾಲನ್ನು ತಡೆದುಬಿಡುತ್ತದೆ.

ಉಳಿದ ಪೆರಾಕ್ಸೈಡನ್ನು ಅದರದೇ ಬಾಟಲಿಯಲ್ಲಿ, ಕತ್ತಲಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಬೇರೆ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಬೇಡಿ. ಅದು ಮೆಲ್ಲಗೆ ಆಮ್ಲಜನಕ ಬಿಡುತ್ತಿರುತ್ತದೆ, ಬಾಟಲಿ ಉಬ್ಬಿ ಒಡೆಯಬಹುದು. ವಿನೆಗರ್ ಜೊತೆ ಬೆರೆಸಲೂಬಾರದು.

ವಾಟರ್ ಪೇಪರ್ ಹಾಕಿ ಉಜ್ಜಬಹುದಾ?

ಹಳದಿ ಪದರ ತೆಳು ಅಂದಮೇಲೆ ಅದನ್ನೇ ಕೆರೆದು ತೆಗೆದರೆ? ಆಗುತ್ತದೆ. ಗಾಡಿಗೆ ಬಣ್ಣ ಹೊಡೆಯುವವರು ಬಳಸುವ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ, ಮೊದಲು 800 ನಂಬರಿನದು, ಆಮೇಲೆ 1500, ಆಮೇಲೆ 2000, ಪ್ರತಿ ಸಲವೂ ನೀರು ಬಿಡುತ್ತಾ ಉಜ್ಜಿ, ಕೊನೆಗೆ ರಬ್ಬಿಂಗ್ ಪಾಲಿಶ್. ಕೆಳಗಿನ ಬಿಳಿ ಹೊರಬರುತ್ತದೆ. ಆದರೆ ಕಾರ್ಖಾನೆಯ ನುಣುಪು ಪೂರ್ತಿ ವಾಪಸ್ ಬರುವುದಿಲ್ಲ, ಹಾಗಾಗಿ ಕೊಳೆ ಬೇಗ ಹಿಡಿಯುತ್ತದೆ. ಇಡೀ ಕಿಟಕಿಗೆ ಇದನ್ನು ಮಾಡುವುದು ನನಗೇನೋ ಹುಚ್ಚು ಕೆಲಸ ಅನಿಸುತ್ತದೆ. ಒಂದು ಗೀರು, ಒಂದು ಸುಟ್ಟ ಕಲೆ ಇದ್ದರೆ ಸರಿ. ಮರದ ಬಣ್ಣದ ಹಾಳೆ ಅಂಟಿಸಿದ ಚೌಕಟ್ಟಿಗಂತೂ ಬೇಡವೇ ಬೇಡ, ಹಾಳೆಯೇ ಹೋಗುತ್ತದೆ. ಪೇಂಟ್ ಹೊಡೆಸುವುದಿದ್ದರೆ ಪಿವಿಸಿಗೆ ಹಿಡಿಯುವ ಪ್ರೈಮರ್ ಬೇಕು. ಗೋಡೆಯ ಪ್ರೈಮರ್ ಹಾಕಿದರೆ ಸಿಪ್ಪೆ ಏಳುತ್ತದೆ.

ಇವನ್ನು ಹತ್ತಿರ ತರಬೇಡಿ

ಪ್ಲಂಬರ್ ಪೈಪಿಗೆ ಪೈಪು ಜೋಡಿಸುವಾಗ ಘಾಟು ವಾಸನೆಯ ‘ಸಾಲ್ವೆಂಟ್’ ಹಚ್ಚುವುದನ್ನು ನೋಡಿದ್ದೀರಲ್ಲ? ಅದು ಗೋಂದಿನ ತರ ಬರೀ ಅಂಟಿಸುವುದಿಲ್ಲ. ಪಿವಿಸಿಯ ಮೇಲ್ಮೈಯನ್ನೇ ಕರಗಿಸಿ ಎರಡನ್ನೂ ಒಂದು ಮಾಡುತ್ತದೆ. ಪೇಂಟಿನ ಥಿನ್ನರ್, ಉಗುರು ಬಣ್ಣ ತೆಗೆಯುವ ಅಸಿಟೋನ್ ಕೂಡ ಪಿವಿಸಿಯ ಮೇಲ್ಮೈಯನ್ನು ಮೆತ್ತಗೆ ಮಾಡಿ ಉಬ್ಬಿಸುತ್ತವೆ. ಒರೆಸಿದ ಕ್ಷಣ ಹಳದಿ ಹೋದ ಹಾಗೆ ಕಾಣುತ್ತದೆ, ಯಾಕೆಂದರೆ ಮೇಲ್ಮೈಯೇ ಬಟ್ಟೆಗೆ ಬಂದಿರುತ್ತದೆ. ಉಳಿದದ್ದು ಮಂಕಾಗಿ, ಮುಂದೆ ಇನ್ನೂ ಬೇಗ ಹಳದಿಯಾಗುತ್ತದೆ.

ಕಬ್ಬಿಣದ ತಂತಿ ಉಂಡೆಯಿಂದ ತಿಕ್ಕಿದರೆ ಕರಾವಳಿಯಲ್ಲಿ ಎರಡು ಪೆಟ್ಟು. ಗೀರು ಒಂದು. ಗೀರಿನಲ್ಲಿ ಸಿಕ್ಕಿಕೊಂಡ ಕಬ್ಬಿಣದ ಚೂರು ಉಪ್ಪುಗಾಳಿಗೆ ತುಕ್ಕು ಹಿಡಿದು ನಾಲ್ಕೇ ದಿನಕ್ಕೆ ಕಂದು ಚುಕ್ಕೆಗಳಾಗುವುದು ಇನ್ನೊಂದು.

ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ನೀರು ಬೂಷ್ಟು ಕೊಲ್ಲುತ್ತದೆ, ಆದರೆ ಚಿಲಕ, ಸ್ಕ್ರೂ ತಿನ್ನುತ್ತದೆ. ಅದನ್ನು ಟಾಯ್ಲೆಟ್ ತೊಳೆಯುವ ಆ್ಯಸಿಡ್, ವಿನೆಗರ್, ನಿಂಬೆಹುಳಿ ಯಾವುದರ ಜೊತೆಗೂ ಸೇರಿಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಉಸಿರು ಕಟ್ಟುತ್ತದೆ. ಬಾಗಿಲು ಹಾಕಿದ ಬಚ್ಚಲಿನಲ್ಲಿ ಇದು ಜೀವಕ್ಕೇ ಅಪಾಯ.

ಮುಂದಿನ ಮಳೆಯ ಮೊದಲು

ಕಿಟಕಿಯ ಕೆಳ ಚೌಕಟ್ಟಿನ ಹೊರಮುಖದಲ್ಲಿ ಸಣ್ಣ ಉದ್ದನೆಯ ತೂತುಗಳಿವೆ. ಟ್ರ್ಯಾಕಿನಲ್ಲಿ ನಿಂತ ಮಳೆನೀರು ಹೊರಗೆ ಹೋಗಲು ಮಾಡಿದ್ದು. ಕೆಂಪು ಮಣ್ಣು, ಸತ್ತ ಹಾತೆ, ಜೇಡರ ಬಲೆ ಸೇರಿ ಅವು ಕಟ್ಟಿಕೊಳ್ಳುತ್ತವೆ. ನೀರು ಒಳಗೇ ನಿಂತು ಹಾವಸೆ ಕಟ್ಟುತ್ತದೆ, ಜಾಸ್ತಿಯಾದರೆ ಗೋಡೆಗೆ ಇಳಿಯುತ್ತದೆ. ಹಿಡಿಕಡ್ಡಿ ಹಾಕಿ ಬಿಡಿಸಿ, ಒಂದು ಚೊಂಬು ನೀರು ಹೊಯ್ದು ಹೊರಗೆ ಬರುತ್ತದಾ ನೋಡಿ. ಮೇ ತಿಂಗಳಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಸಾದಾ ನೀರು, ಸೋಪಿನಿಂದ ತೊಳೆದರೆ ಮೇಲಿನ ಹಳದಿ ಕೂರುವುದೇ ಇಲ್ಲ.

ಒಳಗಿನ ಹಳದಿಗೆ ನೆರಳು ಒಂದೇ ಉಪಾಯ. ಆಯಿಯ ಮನೆಗೆ ಹೋದಾಗ ಹೊರಗೆ ಹೋಗಿ ಆ ಅಡುಗೆಮನೆ ಕಿಟಕಿಯ ಬೆನ್ನು ನೋಡಿದೆ. ಹೊರಮುಖ ತಂದ ದಿನದಷ್ಟೇ ಬಿಳಿ. ಮಾಡು ಮೂರು ಅಡಿ ಮುಂದೆ ಚಾಚಿದೆ, ಅದರಾಚೆ ಅಡಿಕೆ ಮರ. ಬಿಸಿಲು ಅಲ್ಲಿಗೆ ಬರುವುದೇ ಇಲ್ಲ. ನಮ್ಮ ಕಾರವಾರದ ಮನೆಯ ಕಿಟಕಿಗೆ ಇರುವುದು ಒಂದೂವರೆ ಅಡಿಯ ಕಾಂಕ್ರೀಟ್ ಸಜ್ಜ. ನೆತ್ತಿಯ ಮೇಲಿನ ಬಿಸಿಲನ್ನು ಅದು ತಡೆಯುತ್ತದೆ, ಇಳಿಬಿಸಿಲನ್ನಲ್ಲ.

ಬಾಲ್ಕನಿಗೆ ಬಿದಿರಿನ ಪರದೆ ಕಟ್ಟಿಸಿದ್ದೇವೆ. ಮಧ್ಯಾಹ್ನ ಊಟ ಆದ ಕೂಡಲೇ ಇಳಿಸುವುದು, ಆರು ಗಂಟೆಯ ಹೊತ್ತಿಗೆ ಎತ್ತುವುದು. ಸೂರ್ಯ ಮುಳುಗುವುದನ್ನು ನೋಡಬೇಕಲ್ಲ.